ಊರೊಳಗೆ ಓಕೆ, ದೂರ ಹೋದ್ರೆ ಆಫ್: ಕಾರಿನ ಇಂಜಿನ್ ನಡು ದಾರಿಯಲ್ಲಿ ನಿಲ್ಲುವುದು ಯಾಕೆ?

ಹೆಬ್ರಿಯಿಂದ ಮಾತಾಡ್ತಾ ಇದ್ದೇನೆ. ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೇಳ್ತಾ ಇರುವವರಿಗೂ, ಬ್ಲೂಟೂತ್ ಕನೆಕ್ಟ್ ಮಾಡಿ ಕಾರಲ್ಲಿ ಕೇಳ್ತಾ ಇರುವವರಿಗೂ ಸ್ವಾಗತ. ಕಾರಲ್ಲಿ ಇರುವವರಿಗೆ ಇವತ್ತು ಸ್ವಲ್ಪ ಹೆಚ್ಚೇ ಸ್ವಾಗತ. ಯಾಕಂದ್ರೆ ವಿಷಯ ನಿಮ್ಮದೇ.

ವಿಷಯ ಇಷ್ಟು. ಬೆಳಿಗ್ಗೆ ಕಾರು ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗ್ತದೆ. ಪೇಟೆಗೆ ಹೋಗಿ ಸಾಮಾನು ತರ್ತೀರಿ, ಮಕ್ಕಳನ್ನು ಶಾಲೆಗೆ ಬಿಡ್ತೀರಿ, ಎಂತ ಸಮಸ್ಯೆಯೂ ಇಲ್ಲ. ಅದೇ ಕಾರನ್ನು ಅರ್ಧ ಮುಕ್ಕಾಲು ಗಂಟೆ ಒಂದೇ ಸಮನೆ ಓಡಿಸಿದ್ರೆ ರಸ್ತೆ ಮಧ್ಯ ಇಂಜಿನ್ ಆಫ್. ಕೀ ತಿರುಗಿಸಿದ್ರೆ ಗಿರ್ ಗಿರ್ ಅಂತ ತಿರುಗ್ತದೆ, ಹಿಡಿಯುವುದಿಲ್ಲ. ಹಿಂದೆ ಬಸ್ಸಿನವ ಹಾರ್ನ್ ಹೊಡೀತಾನೆ. ಇಪ್ಪತ್ತು ನಿಮಿಷ ಬಿಟ್ಟು ಪುನಃ ಕೀ ತಿರುಗಿಸಿ, ಏನೂ ಆಗಲೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್! ಗ್ಯಾರೇಜಿಗೆ ತಗೊಂಡು ಹೋದ್ರೆ ಅಲ್ಲಿ ಚಿನ್ನದಂತ ಕಾರು. ಮೆಕ್ಯಾನಿಕ್ ನಿಮ್ಮ ಮುಖ ನೋಡ್ತಾನೆ, ನೀವು ಅವನ ಮುಖ ನೋಡ್ತೀರಿ.

ಮೊದಲೇ ಹೇಳ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಬಿ.ಕಾಂ. ಓದಿದವ. ಆದ್ರೆ ಈ ಕಾಯಿಲೆ ಹಿಡಿಯುವುದಕ್ಕೆ ಸ್ಪ್ಯಾನರ್‌ಗಿಂತ ಮೊದಲು ಬೇಕಾದ್ದು ಒಂದು ಪುಸ್ತಕ, ಒಂದು ಪೆನ್ನು. ಲೆಕ್ಕ ಬರೆಯುವ ಬುದ್ಧಿ. ಇವತ್ತು ನಾನು ಹೇಳ್ಲಿಕ್ಕೆ ಹೊರಟದ್ದು ಅದನ್ನೇ.

ಬಿಸಿ ಆಗ್ಲಿಕ್ಕೆ ಹೊತ್ತು ಬೇಕು

ಇಂಜಿನ್ ಓಡ್ಲಿಕ್ಕೆ ಬೇಕಾದ್ದು ಪೆಟ್ರೋಲ್, ಗಾಳಿ, ಕಿಡಿ. ಇವು ಮೂರೂ ಸರಿಯಾದ ಹೊತ್ತಿಗೆ ಸಿಗಬೇಕು. ಸರಿಯಾದ ಹೊತ್ತು ಯಾವುದು ಅಂತ ಹೇಳುವುದು ಇಂಜಿನ್ ಕಂಟ್ರೋಲ್ ಕಂಪ್ಯೂಟರ್, ಅಂದ್ರೆ ಇಸಿಯು. ಓಡ್ತಾ ಇರುವ ಇಂಜಿನ್ ನಿಲ್ತದೆ ಅಂದ್ರೆ ಈ ನಾಲ್ಕರಲ್ಲಿ ಒಂದು ಕೈಕೊಟ್ಟಿದೆ ಅಂತ ಅರ್ಥ.

ಹಾಗಾದ್ರೆ ದೂರ ಹೋದಾಗ ಮಾತ್ರ ಯಾಕೆ? ಹೆಚ್ಚಿನ ಸಲ ಕಾರಣ ಶಾಖ. ಇಂಜಿನ್ನಿನ ಕೂಲೆಂಟ್ ಹತ್ತು ಹದಿನೈದು ನಿಮಿಷದಲ್ಲೇ 90 ಡಿಗ್ರಿ ಸೆಲ್ಸಿಯಸ್ ಹತ್ತಿರ ಬರ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ಮಧ್ಯಕ್ಕೆ ಬಂದು ನಿಲ್ತದೆ, ನಾವು ಇಂಜಿನ್ ಬಿಸಿ ಆಯ್ತು ಅಂತ ತಿಳ್ಕೊಳ್ತೇವೆ. ಆದ್ರೆ ಇಂಜಿನ್ ಬ್ಲಾಕಿಗೆ ಅಂಟಿಕೊಂಡಿರುವ ಸೆನ್ಸರ್, ಬಾನೆಟ್ ಒಳಗಿನ ರಿಲೇ, ವೈರಿಂಗ್, ಟ್ಯಾಂಕಿನೊಳಗಿನ ಪಂಪ್, ಇವೆಲ್ಲ ಪೂರ್ತಿ ಕಾಯ್ಲಿಕ್ಕೆ ಇನ್ನೂ ಹೊತ್ತು ಹಿಡೀತದೆ. ಲೋಹ ಬಿಸಿಯಾದ್ರೆ ಹಿಗ್ತದೆ. ತಣ್ಣಗಿದ್ದಾಗ ಒಂದಕ್ಕೊಂದು ತಾಗಿಕೊಂಡಿರುವ ಸೀಳಿದ ತಂತಿ, ಬಿರುಕು ಬಿಟ್ಟ ಬೆಸುಗೆ, ಬಿಸಿಯಾದಾಗ ಕೂದಲೆಳೆಯಷ್ಟು ದೂರ ಆಗ್ತದೆ. ಅಷ್ಟೇ ಸಾಕು ಇಂಜಿನ್ ನಿಲ್ಲಿಕ್ಕೆ. ತಣ್ಣಗಾದ್ರೆ ಪುನಃ ತಾಗ್ತದೆ, ಸ್ಟಾರ್ಟ್ ಆಗ್ತದೆ.

ಇಲ್ಲಿ ಇನ್ನೊಂದು ವಿಷಯ ಉಂಟು. ಇಂಜಿನ್ ನಿಂತ ಕೂಡಲೇ ಬಾನೆಟ್ ಒಳಗಿನ ಶಾಖ ಕಡಿಮೆ ಆಗುವುದಿಲ್ಲ, ಮೊದಲ ಕೆಲವು ನಿಮಿಷ ಹೆಚ್ಚಾಗ್ತದೆ. ಕೂಲೆಂಟ್ ತಿರುಗುವುದು ನಿಂತಿದೆ, ಎದುರಿಂದ ಗಾಳಿ ಇಲ್ಲ, ಇಂಜಿನ್ನಿನ ಬಿಸಿ ಸುತ್ತಮುತ್ತ ಹರಡ್ತದೆ. ಅದಕ್ಕೇ ನಿಂತ ಎರಡನೇ ನಿಮಿಷಕ್ಕೆ ನೀವು ಎಷ್ಟು ಸೆಲ್ಫ್ ಹೊಡೆದ್ರೂ ಹಿಡಿಯುವುದಿಲ್ಲ. ಬ್ಯಾಟರಿ ಮಾತ್ರ ಖಾಲಿ.

ಮೂರು ರಸ್ತೆ, ಮೂರು ಪರೀಕ್ಷೆ

ನಮ್ಮ ಹೆಬ್ರಿ ಒಂದು ವಿಚಿತ್ರ ಜಾಗ ಮಾರ್ರೆ. ಕಾರು ಪರೀಕ್ಷೆ ಮಾಡ್ಲಿಕ್ಕೆ ಅಂತಲೇ ಯಾರೋ ರಸ್ತೆ ಹಾಕಿದ ಹಾಗೆ ಉಂಟು.

ಪಶ್ಚಿಮಕ್ಕೆ ಹೊರಟ್ರೆ ಪೆರ್ಡೂರು, ಪರ್ಕಳ, ಮಣಿಪಾಲ ಆಗಿ ಉಡುಪಿ. ಸುಮಾರು ಮೂವತ್ತು ಕಿಲೋಮೀಟರ್, ದೊಡ್ಡ ಏರು ಇಲ್ಲ, ಒಂದೇ ವೇಗದಲ್ಲಿ ಮುಕ್ಕಾಲು ಗಂಟೆ. ಇದು ಶಾಖದ ಪರೀಕ್ಷೆ. ಇಂಜಿನ್ನಿಗೆ ಕಷ್ಟ ಇಲ್ಲ, ಆದ್ರೆ ನಿಧಾನಕ್ಕೆ ಎಲ್ಲವೂ ಪೂರ್ತಿ ಬಿಸಿ ಆಗ್ತದೆ. ಈ ದಾರಿಯಲ್ಲಿ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ನಿಂತ್ರೆ ಸೆನ್ಸರ್, ರಿಲೇ, ಇಗ್ನಿಷನ್ ಕಾಯಿಲ್ ಕಡೆಗೆ ಅನುಮಾನ ಹೋಗಬೇಕು.

ಪೂರ್ವಕ್ಕೆ ಹೊರಟ್ರೆ ಸೋಮೇಶ್ವರ, ಅಲ್ಲಿಂದ ಆಗುಂಬೆ ಘಾಟಿ. ಹದಿನಾಲ್ಕು ಹೇರ್‌ಪಿನ್ ತಿರುವು, ಮೇಲೆ ಮುಟ್ಟುವಾಗ ಸಮುದ್ರ ಮಟ್ಟದಿಂದ 600 ಮೀಟರಿಗೂ ಎತ್ತರ. ಇದು ಪೆಟ್ರೋಲಿನ ಪರೀಕ್ಷೆ. ಸೆಕೆಂಡ್ ಗೇರಲ್ಲಿ ಆಕ್ಸಿಲರೇಟರ್ ಒತ್ತಿ ಹಿಡಿದಾಗ ಇಂಜಿನ್ ಕೇಳುವಷ್ಟು ಪೆಟ್ರೋಲ್ ಪಂಪ್ ಕೊಡಬೇಕು. ಫಿಲ್ಟರ್ ಕಟ್ಟಿದ್ರೆ, ಪಂಪ್ ಸೋತಿದ್ರೆ, ಸಪಾಟು ರಸ್ತೆಯಲ್ಲಿ ಗೊತ್ತಾಗುವುದಿಲ್ಲ, ಏರಲ್ಲಿ ಗೊತ್ತಾಗ್ತದೆ. ರೇಡಿಯೇಟರ್ ಫ್ಯಾನ್ ಕೆಲಸ ಮಾಡದಿದ್ದರೂ ಇಲ್ಲೇ ಗೊತ್ತಾಗ್ತದೆ, ಯಾಕಂದ್ರೆ ವೇಗ ಕಡಿಮೆ, ಗಾಳಿ ಕಡಿಮೆ, ಕೆಲಸ ಜಾಸ್ತಿ.

ಅದೇ ಘಾಟಿ ಇಳಿಯುವಾಗ ಬೇರೆ ಪರೀಕ್ಷೆ. ಆಕ್ಸಿಲರೇಟರಿಂದ ಕಾಲು ತೆಗೆದಿರ್ತೀರಿ, ತಿರುವಲ್ಲಿ ಕ್ಲಚ್ ಒತ್ತುತ್ತೀರಿ, ಇಂಜಿನ್ ಐಡಲ್‌ಗೆ ಬರಬೇಕು. ಬರುವ ಬದಲು ಸತ್ತೇ ಹೋಗ್ತದೆ ಅಂತಾದ್ರೆ ಥ್ರಾಟಲ್ ಬಾಡಿಯಲ್ಲಿ ಕರಿ ಕಟ್ಟಿರಬಹುದು, ಐಡಲ್ ಗಾಳಿಯ ವಾಲ್ವ್ ಸಿಕ್ಕಿಕೊಂಡಿರಬಹುದು. ಇದು ಗಾಳಿಯ ಪರೀಕ್ಷೆ. ಮುನಿಯಾಲು ಕಡೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಏರು, ಇಳಿತ, ತಿರುವು ಎಲ್ಲ ಸ್ವಲ್ಪ ಸ್ವಲ್ಪ ಸಿಗ್ತದೆ. ಕಾಯಿಲೆ ಯಾವ ಜಾತಿದು ಅಂತ ಗೊತ್ತಾದ ಮೇಲೆ, ರಿಪೇರಿ ಆಯ್ತಾ ನೋಡ್ಲಿಕ್ಕೆ ಅದು ಒಳ್ಳೇ ದಾರಿ.

ನಿಮ್ಮೂರು ಹೆಬ್ರಿ ಆಗಬೇಕಂತಿಲ್ಲ. ಹಾಸನದಲ್ಲಿದ್ರೆ ಶಿರಾಡಿ ಉಂಟು, ಚಿಕ್ಕಮಗಳೂರಲ್ಲಿದ್ರೆ ಚಾರ್ಮಾಡಿ ಉಂಟು. ಕಾರು ಯಾವ ರಸ್ತೆಯಲ್ಲಿ, ಯಾವ ಕೆಲಸ ಮಾಡ್ತಾ ಇರುವಾಗ ನಿಂತಿತು, ಅದು ಮೊದಲ ಸುಳಿವು.

ದೊಡ್ಡಪ್ಪನ ಕಾರು

ಈಗ ನನಗೆ ಗೊತ್ತಿರುವ ಒಂದು ಕಾರಿನ ಕಥೆ. ನಮ್ಮ ದೊಡ್ಡಪ್ಪನಿಗೆ ವಾರಕ್ಕೆ ಎರಡು ಸಲ ಮಣಿಪಾಲದಲ್ಲಿ ಡಯಾಲಿಸಿಸ್. ಮನೆಯಲ್ಲಿದ್ದದ್ದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು. ಅಣ್ಣ ಓಡಿಸ್ತಾನೆ. ಅದು ಪರ್ಕಳದ ಆಸುಪಾಸಲ್ಲಿ ನಿಲ್ಲಿಕ್ಕೆ ಶುರು ಆಯ್ತು. ಹೋಗುವಾಗ ನಿಂತ್ರೆ ಆಸ್ಪತ್ರೆಯಲ್ಲಿ ಸಿಕ್ಕಿದ ಹೊತ್ತು ತಪ್ಪಿ ಹೋಗ್ತದೆ. ಬರುವಾಗ ನಿಂತ್ರೆ ಇನ್ನೂ ಕಷ್ಟ. ನಾಲ್ಕು ಗಂಟೆ ಮಿಷಿನಿನಲ್ಲಿ ಮಲಗಿ ಎದ್ದವರು, ಕೈಕಾಲಲ್ಲಿ ತ್ರಾಣ ಇರುವುದಿಲ್ಲ. ಅವರನ್ನು ರಸ್ತೆ ಬದಿ ಕೂರಿಸಿಕೊಂಡು ಕಾರು ತಣ್ಣಗಾಗ್ಲಿಕ್ಕೆ ಕಾಯುವುದು ಅಂದ್ರೆ ಅನುಭವಿಸಿದವರಿಗೇ ಗೊತ್ತು.

ಒಂದು ಗ್ಯಾರೇಜಲ್ಲಿ ಪ್ಲಗ್ ಬದಲಿಸಿದ್ರು. ಸರಿಯಾಗಲಿಲ್ಲ. ಫಿಲ್ಟರ್ ಬದಲಿಸಿದ್ರು. ಸರಿಯಾಗಲಿಲ್ಲ. ಪಂಪ್ ಬದಲಿಸಿದ್ರು. ಬಿಲ್ಲು ಒಟ್ಟು 14,000 ದಾಟಿತು, ಕಾರು ಅದೇ ಜಾಗದಲ್ಲಿ ಪುನಃ ನಿಂತಿತು. ದೊಡ್ಡಮ್ಮ ಹೇಳಿದ್ರು, ಸಿಕ್ಕಿದ ರೇಟಿಗೆ ಮಾರಿ ಬಿಡಿ ಅಂತ. ಸಿಗುವ ರೇಟು ಎಷ್ಟು? ದಾರಿಯಲ್ಲಿ ನಿಲ್ಲುವ ಕಾರು ಅಂತ ಹೇಳಿ ಮಾರಿದ್ರೆ ಗುಜರಿ ರೇಟು. ಹೇಳದೆ ಮಾರಿದ್ರೆ ಇನ್ನೊಬ್ಬರ ಮನೆಯವರು ರಸ್ತೆ ಬದಿ ಕೂರಬೇಕು.

ಆ ಗ್ಯಾರೇಜಿನವರನ್ನು ನಾನು ಬೈಯುವುದಿಲ್ಲ. ಅವರು ನೋಡಿದ್ದು ತಣ್ಣಗಿನ, ಸರಿಯಾಗಿ ಓಡುವ ಕಾರು. ಒಂದು ಸಲವೂ ಅದು ಅವರ ಎದುರು ನಿಲ್ಲಲಿಲ್ಲ. ಕಾಣದ ಕಾಯಿಲೆಗೆ ಅಂದಾಜಲ್ಲಿ ಮದ್ದು ಕೊಟ್ರು. ಅಕೌಂಟ್ಸ್ ಓದಿದವರಿಗೆ ಗೊತ್ತುಂಟು, ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ರೆ ವ್ಯತ್ಯಾಸವನ್ನು ತಾತ್ಕಾಲಿಕವಾಗಿ ಸಸ್ಪೆನ್ಸ್ ಅಕೌಂಟಿಗೆ ಹಾಕಿ ಇಡ್ತೇವೆ. ಅಂದಾಜಲ್ಲಿ ಪಾರ್ಟ್ ಬದಲಿಸುವುದು ಅಂದ್ರೆ ಅದೇ. ಲೆಕ್ಕ ಸರಿಯಾಗಿಲ್ಲ, ಮುಂದೆ ದೂಡಿದ್ದೇವೆ ಅಷ್ಟೇ.

ಕಾರು ನಿಲ್ಲುವುದನ್ನು ಕಣ್ಣಾರೆ ಕಂಡವ ಅಣ್ಣ ಒಬ್ಬನೇ. ಅವನೇ ಸಾಕ್ಷಿ. ಅವನತ್ರ ಎಲ್ರೂ ಕೇಳಿದ್ದು ಒಂದೇ ಪ್ರಶ್ನೆ, ಎಲ್ಲಿ ನಿಂತಿತು ಅಂತ. ಹೇಗೆ ನಿಂತಿತು ಅಂತ ಯಾರೂ ಕೇಳಲಿಲ್ಲ.

ಹಾಗಾಗಿ ನಾವು ಒಂದು ಕೆಲಸ ಮಾಡಿದೆವು. ದೊಡ್ಡಪ್ಪನನ್ನು ಮೂರು ವಾರ ಬಾಡಿಗೆ ಕಾರಲ್ಲಿ ಕಳಿಸಿದೆವು. ನಾವಿಬ್ಬರು ಅದೇ ದಾರಿಯಲ್ಲಿ, ಅದೇ ಹೊತ್ತಿಗೆ, ನಮ್ಮ ಕಾರು ಓಡಿಸಿದೆವು. ಆರು ಟ್ರಿಪ್. ಅಣ್ಣ ಸ್ಟೇರಿಂಗಲ್ಲಿ, ನಾನು ಪಕ್ಕದಲ್ಲಿ ಪುಸ್ತಕ ಹಿಡ್ಕೊಂಡು. ಹೊರಟ ಹೊತ್ತು, ಟ್ಯಾಂಕಲ್ಲಿ ಎಷ್ಟು ಪೆಟ್ರೋಲ್, ಎಸಿ ಆನಾ ಆಫಾ, ಮಳೆಯಾ ಬಿಸಿಲಾ, ನಿಂತಾಗ ಎಷ್ಟು ನಿಮಿಷ ಆಗಿತ್ತು, ಯಾವ ಗೇರು, ಆರ್‌ಪಿಎಂ ಮುಳ್ಳು ಹೇಗೆ ಬಿತ್ತು, ಎಷ್ಟು ನಿಮಿಷ ಬಿಟ್ಟು ಸ್ಟಾರ್ಟ್ ಆಯ್ತು. ಒಂದು ಟ್ರಿಪ್ಪಿಗೆ ಒಂದು ಸಾಲು.

ಒಂದು ನಿಯಮ ಇಟ್ಟುಕೊಂಡಿದ್ದೆವು. ಒಂದು ಸಲಕ್ಕೆ ಒಂದೇ ಬದಲಾವಣೆ. ಒಂದು ದಿನ ಟ್ಯಾಂಕ್ ಫುಲ್. ಇನ್ನೊಂದು ದಿನ ಎಸಿ ಆಫ್. ಮತ್ತೊಂದು ದಿನ ಪೆಟ್ರೋಲ್ ಮುಚ್ಚಳ ತೆಗೆದು ಹಾಕಿದ್ದು. ಎರಡನ್ನು ಒಟ್ಟಿಗೆ ಬದಲಿಸಿದ್ರೆ ಯಾವುದರಿಂದ ಎಂತ ಆಯ್ತು ಅಂತ ಹೇಳ್ಲಿಕ್ಕೆ ಆಗುವುದಿಲ್ಲ.

ಆರರಲ್ಲಿ ನಾಲ್ಕು ಸಲ ನಿಂತಿತು. 41ನೇ ನಿಮಿಷ, 44, 39, 43. ಟ್ಯಾಂಕ್ ಫುಲ್ ಇದ್ದಾಗಲೂ ನಿಂತಿತು, ಎಸಿ ಆಫ್ ಇದ್ದಾಗಲೂ ನಿಂತಿತು. ನಿಲ್ಲದ ಎರಡು ದಿನ ಯಾವುದು ಗೊತ್ತುಂಟಾ? ಎರಡೂ ದಿನ ಹೊರಟಲ್ಲಿಂದ ಮುಟ್ಟುವವರೆಗೆ ಜೋರು ಮಳೆ. ಇಂಜಿನ್ನಿನ ಸುತ್ತ ತಂಪು. ಪುಸ್ತಕದಲ್ಲಿ ಆರು ಸಾಲು ಒಟ್ಟಿಗೆ ನೋಡಿದಾಗ ಶಾಖ ಅನ್ನುವುದು ಎದ್ದು ಕಂಡಿತು.

ಮುಳ್ಳು ಹೇಳುವ ಸತ್ಯ

ಆದ್ರೆ ಶಾಖ ಅಂದ್ರೆ ಸಾಕಾಗುವುದಿಲ್ಲ. ಶಾಖಕ್ಕೆ ಕೈಕೊಡುವ ಸಾಮಾನು ಹತ್ತಾರು ಉಂಟು. ಅಲ್ಲಿ ಸಹಾಯಕ್ಕೆ ಬಂದದ್ದು ಆರ್‌ಪಿಎಂ ಮುಳ್ಳು. ಇದನ್ನು ಗಮನ ಇಟ್ಟು ಕೇಳಿ, ಇವತ್ತಿನ ಎಪಿಸೋಡಲ್ಲಿ ದುಡ್ಡು ಉಳಿಸುವ ಭಾಗ ಇದೇ.

ಗೇರ್ ಇರುವ ಕಾರು ಮೂರನೇ ಗೇರಲ್ಲಿ ಹೋಗ್ತಾ ಇದೆ, ಇಂಜಿನ್ ನಿಂತಿತು, ಕ್ಲಚ್ ಒತ್ತಲಿಲ್ಲ ಅಂತ ಇಟ್ಟುಕೊಳ್ಳಿ. ಚಕ್ರ ತಿರುಗ್ತಾ ಇದೆ, ಚಕ್ರಕ್ಕೆ ಗೇರ್‌ಬಾಕ್ಸ್ ಮೂಲಕ ಇಂಜಿನ್ ಕಟ್ಟಿಕೊಂಡಿದೆ, ಹಾಗಾಗಿ ಇಂಜಿನ್ ಉರಿಯದಿದ್ದರೂ ಸುಮ್ಮನೆ ತಿರುಗ್ತಾ ಇರ್ತದೆ. ಪೆಟ್ರೋಲ್ ಸಿಗದೆ ನಿಂತದ್ದಾದ್ರೆ ಮೊದಲು ಜರ್ಕ್ ಹೊಡೀತದೆ, ಕೆಮ್ಮುತ್ತದೆ, ಮತ್ತೆ ಕಾರು ನಿಧಾನ ಆದ ಹಾಗೆ ಮುಳ್ಳೂ ನಿಧಾನಕ್ಕೆ ಇಳೀತದೆ. ನಮ್ಮ ಕಾರಲ್ಲಿ ಹಾಗಾಗಲಿಲ್ಲ. ಕಾರು 40ರ ವೇಗದಲ್ಲಿ ಹೋಗ್ತಾ ಇರುವಾಗಲೇ ಮುಳ್ಳು ಠಪ್ ಅಂತ ಸೊನ್ನೆಗೆ ಬಿತ್ತು. ನಾಲ್ಕು ಸಲವೂ. ಇಂಜಿನ್ ತಿರುಗ್ತಾ ಇದೆ, ಆದ್ರೆ ಅದು ತಿರುಗುವುದು ಇಸಿಯುಗೆ ಕಾಣ್ತಾ ಇಲ್ಲ.

ಇಂಜಿನ್ ತಿರುಗುವುದನ್ನು ಇಸಿಯುಗೆ ಹೇಳುವುದು ಕ್ರ್ಯಾಂಕ್ ಪೊಸಿಷನ್ ಸೆನ್ಸರ್ ಅನ್ನುವ ಹೆಬ್ಬೆರಳಿನಷ್ಟು ದೊಡ್ಡ ಸಾಮಾನು. ಕ್ರ್ಯಾಂಕ್‌ಶಾಫ್ಟಿಗೆ ಸೇರಿದ ಹಲ್ಲಿನ ಚಕ್ರದ ಎದುರು ಅದು ಕೂತಿರ್ತದೆ. ಒಂದು ಬಗೆಯದ್ದರಲ್ಲಿ ಅಯಸ್ಕಾಂತ, ಅದಕ್ಕೆ ಸುತ್ತಿದ ಕೂದಲಿನಷ್ಟು ತೆಳು ತಂತಿ. ಒಂದೊಂದು ಹಲ್ಲು ಎದುರಿಂದ ಹೋದಾಗಲೂ ಸಣ್ಣ ಸಿಗ್ನಲ್. ಆ ಸಿಗ್ನಲ್ ನಿಂತ್ರೆ ಇಸಿಯು ತಿಳ್ಕೊಳ್ಳುವುದು ಇಂಜಿನ್ನೇ ನಿಂತಿದೆ ಅಂತ. ಕಿಡಿ ಬಂದ್, ಪೆಟ್ರೋಲ್ ಬಂದ್. ಇಂಜಿನ್ನಿಗೆ ಏನೂ ಆಗಿಲ್ಲ, ಸುದ್ದಿ ಮುಟ್ಟಿಸುವವ ಬಾಯಿ ಮುಚ್ಚಿದ, ಅಷ್ಟೇ.

ಮುಳ್ಳು ಸೊನ್ನೆಗೆ ಬೀಳ್ಲಿಕ್ಕೆ ಇನ್ನೊಂದು ಕಾರಣವೂ ಉಂಟು. ಇಸಿಯುಗೇ ಕರೆಂಟ್ ತಪ್ಪುವುದು, ಅಂದ್ರೆ ಮೇನ್ ರಿಲೇ, ಇಗ್ನಿಷನ್ ಸ್ವಿಚ್, ಬ್ಯಾಟರಿ ಟರ್ಮಿನಲ್. ಅದನ್ನು ಬೇರೆ ಮಾಡುವುದು ಸುಲಭ. ನಿಂತ ಕೂಡಲೇ ಕೀ ಆಫ್ ಮಾಡಿ ಪುನಃ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಚೆಕ್ ಇಂಜಿನ್ ದೀಪ ಹೊತ್ತುತ್ತದಾ ನೋಡಿ. ಹಿಂದಿನ ಸೀಟಿನ ಕಡೆ ಕಿವಿ ಕೊಡಿ. ಪೆಟ್ರೋಲ್ ಪಂಪ್ ಎರಡು ಸೆಕೆಂಡ್ ಗುಂಯ್ ಅನ್ನಬೇಕು. ದೀಪವೂ ಇಲ್ಲ, ಗುಂಯ್ ಅನ್ನುವುದೂ ಇಲ್ಲ ಅಂದ್ರೆ ಕರೆಂಟಿನ ಕಡೆ ಹುಡುಕಿ. ದೀಪ ಉಂಟು, ಪಂಪ್ ಶಬ್ದ ಇಲ್ಲ ಅಂದ್ರೆ ಪಂಪ್ ಅಥವಾ ಪಂಪಿನ ರಿಲೇ. ಎರಡೂ ಉಂಟು, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಮಾತ್ರ ಒಂದಿಷ್ಟೂ ಅಲುಗುವುದಿಲ್ಲ ಅಂದ್ರೆ ಕ್ರ್ಯಾಂಕ್ ಸೆನ್ಸರ್, ಇಲ್ಲದಿದ್ರೆ ಅದರ ವೈರು. ನಮ್ಮದು ಮೂರನೆಯದ್ದು.

ಆರು ಸಾಲಿನ ಪುಸ್ತಕ ಹಿಡ್ಕೊಂಡು ಊರಿನ ಇನ್ನೊಬ್ಬ ಮೆಕ್ಯಾನಿಕ್ ಹತ್ರ ಹೋದೆವು. ಅವರು ಕಾರು ಮುಟ್ಟುವ ಮೊದಲು ಪುಸ್ತಕ ಓದಿದ್ರು. ಎರಡು ಪ್ರಶ್ನೆ ಕೇಳಿದ್ರು. ಸೆನ್ಸರ್ ಕಳಚಿ ಮೇಜಿನ ಮೇಲಿಟ್ಟು ಮಲ್ಟಿಮೀಟರ್ ಹಚ್ಚಿದ್ರು. ತಣ್ಣಗಿದ್ದಾಗ ರೆಸಿಸ್ಟೆನ್ಸ್ ಸರಿಯೇ ಇತ್ತು. ಮತ್ತೆ ಒಳಗಿಂದ ಹೇರ್ ಡ್ರೈಯರ್ ತಂದ್ರು! ಬಿಸಿ ಗಾಳಿ ಊದಿದ ಹಾಗೆ ಮೀಟರಿನ ಅಂಕಿ ಏರ್ತಾ ಹೋಯ್ತು, ಒಂದು ಹಂತದಲ್ಲಿ ಪೂರ್ತಿ ಓಪನ್. ತಂತಿ ತುಂಡು ಅಂತ ಅರ್ಥ. ಫ್ಯಾನ್ ಕೆಳಗೆ ಇಟ್ಟು ತಣಿಸಿದ್ರೆ ಪುನಃ ಅಂಕಿ ಬಂತು. ಮೂರು ತಿಂಗಳ ರೋಗ ಹತ್ತು ನಿಮಿಷದಲ್ಲಿ ಮೇಜಿನ ಮೇಲೆ ಕಂಡಿತು. ಹೊಸ ಸೆನ್ಸರ್, ಮಜೂರಿ ಸೇರಿ 2,000ದ ಒಳಗೆ.

ಎಲ್ಲ ಕಾರಿನ ಸೆನ್ಸರನ್ನೂ ಹೀಗೆ ಅಳೀಲಿಕ್ಕೆ ಆಗುವುದಿಲ್ಲ. ಹಾಲ್ ಎಫೆಕ್ಟ್ ಅನ್ನುವ ಇನ್ನೊಂದು ಬಗೆ ಉಂಟು, ಅದಕ್ಕೆ ಬೇರೆ ಪರೀಕ್ಷೆ. ಅದು ಮೆಕ್ಯಾನಿಕ್ ಕೆಲಸ, ಅವರಿಗೆ ಬಿಡಿ.

ಬೇರೆ ಅನುಮಾನಗಳು

ಇದನ್ನು ಕೇಳಿ ನಾಳೆ ಬೆಳಿಗ್ಗೆ ಎಲ್ರೂ ಕ್ರ್ಯಾಂಕ್ ಸೆನ್ಸರ್ ಬದಲಿಸ್ಲಿಕ್ಕೆ ಹೋಗಬೇಡಿ ಮಾರ್ರೆ. ಹಾಗೆ ಮಾಡಿದ್ರೆ ಅದೂ ಅಂದಾಜಿನ ಮದ್ದೇ. ನಿಮ್ಮ ಕಾರಿನ ಪುಸ್ತಕ ಬೇರೆ ಕಥೆ ಹೇಳಬಹುದು.

ಟ್ಯಾಂಕ್ ಅರ್ಧಕ್ಕಿಂತ ಕೆಳಗಿದ್ದಾಗ ಮಾತ್ರ ನಿಲ್ತದೆ, ಫುಲ್ ಇದ್ದಾಗ ಇಲ್ಲ ಅಂತಾದ್ರೆ ಪಂಪ್ ನೋಡಿ. ಟ್ಯಾಂಕಿನೊಳಗಿನ ಪಂಪಿಗೆ ಸುತ್ತ ಇರುವ ಪೆಟ್ರೋಲೇ ತಂಪು. ಯಾವಾಗಲೂ ರಿಸರ್ವಲ್ಲಿ ಓಡಿಸುವವರ ಪಂಪ್ ಬೇಗ ಸುಸ್ತಾಗ್ಲಿಕ್ಕೆ ಅದೂ ಒಂದು ಕಾರಣ.

ನಿಂತ ಕೂಡಲೇ ಪೆಟ್ರೋಲ್ ಮುಚ್ಚಳ ತೆಗೆದಾಗ ಜೋರಾಗಿ ಗಾಳಿ ಒಳಗೆ ಎಳೆದುಕೊಂಡ ಶಬ್ದ ಬಂದು, ಆಮೇಲೆ ಸ್ಟಾರ್ಟ್ ಆದ್ರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ. ಪೆಟ್ರೋಲ್ ಖಾಲಿ ಆದ ಜಾಗಕ್ಕೆ ಗಾಳಿ ಬರಬೇಕು, ಬರದಿದ್ರೆ ಒಳಗೆ ನಿರ್ವಾತ, ಪಂಪಿಗೆ ಎಳೆಯಲಿಕ್ಕೆ ಆಗುವುದಿಲ್ಲ. ಬೈಕಿನವರೂ ಇದನ್ನು ನೆನಪಿಟ್ಟುಕೊಳ್ಳಿ. ಟ್ಯಾಂಕ್ ಮುಚ್ಚಳದ ಸಣ್ಣ ತೂತಿಗೆ ಮಣ್ಣು ತುಂಬಿದ್ರೆ ಬೈಕೂ ಇದೇ ಆಟ ಆಡ್ತದೆ.

ಲೈಟ್ ಮಂಕಾಗಿ, ಬ್ಯಾಟರಿ ದೀಪ ಹೊತ್ತಿ, ಆಮೇಲೆ ನಿಂತ್ರೆ ಆಲ್ಟರ್ನೇಟರ್. ಬಿಸಿಯ ಮುಳ್ಳು ಮೇಲೇರಿ ನಿಂತ್ರೆ ಅದು ಬೇರೆಯೇ ಅಪಾಯ, ಅಲ್ಲಿಗೇ ನಿಲ್ಲಿಸಿ. ರೇಡಿಯೇಟರ್ ಮುಚ್ಚಳವನ್ನು ಬಿಸಿ ಇರುವಾಗ ತೆಗೆಯಬೇಡಿ, ಕುದಿಯುವ ನೀರು ಮುಖಕ್ಕೆ ಹಾರ್ತದೆ.

ಹಳೇ ಡ್ರೈವರುಗಳ ಹತ್ರ ಕೇಳಿ, ಅಂಬಾಸಿಡರ್, ಫಿಯೆಟ್ ಕಾಲದ್ದು. ಬಿಸಿಲಲ್ಲಿ ಘಾಟಿ ಹತ್ತುವಾಗ ಕಾರು ನಿಂತ್ರೆ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ಅದು ಮೂಢನಂಬಿಕೆ ಅಲ್ಲ. ಆಗಿನ ಪಂಪ್ ಇಂಜಿನ್ನಿನ ಮೈಗೇ ಅಂಟಿಕೊಂಡಿತ್ತು. ಬಿಸಿಗೆ ಪೈಪಿನೊಳಗೆ ಪೆಟ್ರೋಲ್ ಆವಿಯಾಗಿ ಗುಳ್ಳೆ ಕಟ್ಟುತ್ತಿತ್ತು, ಪಂಪ್ ಗುಳ್ಳೆಯನ್ನು ದೂಡ್ಲಿಕ್ಕೆ ಆಗದೆ ಸೋಲುತ್ತಿತ್ತು. ವೇಪರ್ ಲಾಕ್ ಅಂತ ಅದಕ್ಕೆ ಹೆಸರು. ಈಗಿನ ಇಂಜೆಕ್ಷನ್ ಕಾರಲ್ಲಿ ಪಂಪ್ ಟ್ಯಾಂಕಿನೊಳಗಿಂದ ಮೂರು ನಾಲ್ಕು ಬಾರ್ ಒತ್ತಡದಲ್ಲಿ ದೂಡ್ತದೆ, ಒತ್ತಡದಲ್ಲಿರುವ ಪೆಟ್ರೋಲ್ ಅಷ್ಟು ಸುಲಭಕ್ಕೆ ಆವಿ ಆಗುವುದಿಲ್ಲ. ಹಾಗಾಗಿ ಆ ಮದ್ದು ಆ ಕಾಲಕ್ಕೆ ಸರಿ.

ಇನ್ನು ಎಥನಾಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇ20 ಪೆಟ್ರೋಲ್ ಬಿಡುಗಡೆ ಆದ ಮೇಲೆ ಕಾರಿಗೆ ಎಂತ ಆದ್ರೂ ಅದರ ಮೇಲೆ ಹಾಕುವುದು ಅಭ್ಯಾಸ ಆಗಿದೆ. ಎಥನಾಲ್ ನೀರು ಹೀರ್ತದೆ, ಹಳೇ ಕಾರಿನ ರಬ್ಬರಿಗೆ ಒಳ್ಳೇದಲ್ಲ, ಟ್ಯಾಂಕಿನ ಹಳೇ ಕೊಳೆ ಕಿತ್ತು ಫಿಲ್ಟರಿಗೆ ತರಬಹುದು. ಇದೆಲ್ಲ ನಿಜ. ಆದ್ರೆ ಸ್ವಲ್ಪ ಯೋಚನೆ ಮಾಡಿ. ಇಪ್ಪತ್ತು ನಿಮಿಷ ನಿಲ್ಲಿಸಿದ್ರೆ ಟ್ಯಾಂಕಿನ ಎಥನಾಲ್ ಕಡಿಮೆ ಆಗ್ತದಾ? ಇಲ್ಲ. ಮುಳ್ಳು ಠಪ್ ಅಂತ ಸೊನ್ನೆಗೆ ಬಿದ್ದು, ತಣಿದ ಕೂಡಲೇ ಸರಿ ಆಗುವ ಕಾಯಿಲೆಗೆ ಪೆಟ್ರೋಲ್ ಬಂಕಿನವರನ್ನು ದೂರಿ ಉಪಯೋಗ ಇಲ್ಲ.

ಸ್ಕ್ಯಾನರ್ ಹಾಕಿದ್ರೆ ಸಾಕಲ್ವಾ?

ಇದು ನಿಮ್ಮಲ್ಲಿ ಸುಮಾರು ಜನರ ಪ್ರಶ್ನೆ. 2013ರ ಏಪ್ರಿಲ್‌ನಿಂದ ಬಿಎಸ್-4 ಕಾರುಗಳಿಗೆ ಒಬಿಡಿ-2 ಕಡ್ಡಾಯ ಆಯ್ತು. ಸ್ಟೇರಿಂಗ್ ಕೆಳಗೆ ಒಂದು ಸಾಕೆಟ್ ಇರ್ತದೆ. ಸಣ್ಣ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿದ್ರೆ ಫೋನಲ್ಲೇ ಕೋಡ್ ಓದಬಹುದು. ಪಿ0335 ಅಂದ್ರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್. ಪಿ0171 ಅಂದ್ರೆ ಪೆಟ್ರೋಲ್ ಕಡಿಮೆ ಅಥವಾ ಗಾಳಿ ಜಾಸ್ತಿ. ಪಿ0087 ಅಂದ್ರೆ ಪೆಟ್ರೋಲ್ ಒತ್ತಡ ಕಡಿಮೆ.

ಒಳ್ಳೇ ಸಾಧನ, ಇಟ್ಟುಕೊಳ್ಳಿ. ಆದ್ರೆ ಕೋಡ್ ಇಲ್ಲ ಅಂದ್ರೆ ಕಾರಿಗೆ ಕಾಯಿಲೆ ಇಲ್ಲ ಅಂತ ಅರ್ಥ ಅಲ್ಲ. ನಮ್ಮ ಕಾರಲ್ಲಿ ಒಂದೇ ಒಂದು ಕೋಡ್ ಇರಲಿಲ್ಲ. ಕ್ರ್ಯಾಂಕ್ ಸಿಗ್ನಲ್ ನಿಂತಾಗ, ನೀವೇ ಇಂಜಿನ್ ಆಫ್ ಮಾಡಿದ್ರಿ ಅಂತ ಇಸಿಯು ತಿಳ್ಕೊಳ್ಳುವುದುಂಟು. ಆಡಿಟರ್ ನೋಡುವುದು ಪುಸ್ತಕದಲ್ಲಿ ಬರೆದದ್ದನ್ನು. ಬರೆಯದೇ ಇದ್ದದ್ದು ಅವನಿಗೆ ಎಲ್ಲಿಂದ ಕಾಣಬೇಕು?

ಕೋಡಿಗಿಂತ ಉಪಯೋಗಕ್ಕೆ ಬರುವುದು ಲೈವ್ ಡೇಟಾ. ಓಡ್ತಾ ಇರುವಾಗಲೇ ಪಕ್ಕದಲ್ಲಿ ಕೂತವರು ರೆಕಾರ್ಡ್ ಮಾಡಲಿ, ಡ್ರೈವರ್ ಅಲ್ಲ. ಕೂಲೆಂಟ್ 110 ಡಿಗ್ರಿ ದಾಟ್ತಾ ಉಂಟಾ, ವೋಲ್ಟೇಜ್ 13.5ರಿಂದ 14.5ರ ಹತ್ರ ನಿಂತಿದೆಯಾ ಅಥವಾ 12ಕ್ಕೆ ಇಳೀತಾ ಉಂಟಾ, ನಿಂತ ಆ ಕ್ಷಣದಲ್ಲಿ ಆರ್‌ಪಿಎಂ ಹೇಗೆ ಹೋಯ್ತು. ಕಾರು ನಿಲ್ಲುವ ಹತ್ತು ಸೆಕೆಂಡ್ ರೆಕಾರ್ಡ್ ಆದ್ರೆ ಹತ್ತು ದಿನದ ಗ್ಯಾರೇಜ್ ಓಡಾಟ ಉಳೀತದೆ.

ತಿರುವಲ್ಲಿ ನಿಂತ್ರೆ

ಇದು ಬರೀ ದುಡ್ಡಿನ ವಿಷಯ ಅಲ್ಲ. ಇಂಜಿನ್ ನಿಂತ್ರೆ ಸ್ಟೇರಿಂಗ್ ಕಲ್ಲಿನ ಹಾಗೆ ಭಾರ ಆಗ್ತದೆ. ಬ್ರೇಕಿಗೆ ಸಹಾಯ ಮಾಡುವ ಬೂಸ್ಟರಲ್ಲಿ ಎರಡು ಮೂರು ಸಲ ಒತ್ತುವಷ್ಟು ಶಕ್ತಿ ಮಾತ್ರ ಉಳಿದಿರ್ತದೆ. ಆಮೇಲೆ ಪೆಡಲ್ ಗಟ್ಟಿ. ಬ್ರೇಕ್ ಇಲ್ಲ ಅಂತ ಅಲ್ಲ, ಎರಡು ಪಟ್ಟು ಮೂರು ಪಟ್ಟು ಜೋರಾಗಿ ತುಳಿಯಬೇಕು. ಹೆದರಿ ಪಂಪ್ ಮಾಡಿದ್ರೆ ಇರುವ ಸಹಾಯವೂ ಖರ್ಚಾಗ್ತದೆ. ಒಂದೇ ಸಲ ಒತ್ತಿ, ಒತ್ತಿಯೇ ಇಡಿ. ಹಜಾರ್ಡ್ ಲೈಟ್ ಹಾಕಿ, ಎಡಕ್ಕೆ ತನ್ನಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಗೇರಿಗೆ ಹಾಕಿ. ಕಾರು ಚಲಿಸ್ತಾ ಇರುವಾಗ ಕೀಯನ್ನು ಲಾಕ್ ತನಕ ತಿರುಗಿಸಲೇಬೇಡಿ, ಸ್ಟೇರಿಂಗ್ ಲಾಕ್ ಆದ್ರೆ ಮುಗೀತು.

ಘಾಟಿಯಲ್ಲಾದ್ರೆ ಚಕ್ರಕ್ಕೆ ಕಲ್ಲು ಕೊಡಿ. ಕೂತವರನ್ನು ಇಳಿಸಿ ಧರೆಯ ಬದಿಗೆ, ಕಾರಿಂದ ದೂರ ನಿಲ್ಲಿಸಿ. ಮುಂದಿನ ತಿರುವಿನ ಹತ್ರ ಒಬ್ಬರು ನಿಂತು ಬರುವ ಗಾಡಿಗೆ ಕೈ ತೋರಿಸಲಿ. ಅಲ್ಲಿ ನಿಮ್ಮ ಸಿಮ್ಮಿಗೆ ನೆಟ್‌ವರ್ಕ್ ಸಿಗದೇ ಇರಬಹುದು. ಆದ್ರೂ 112ಕ್ಕೆ ಪ್ರಯತ್ನ ಮಾಡಿ, ಬೇರೆ ಕಂಪನಿಯ ಟವರ್ ಸಿಕ್ಕಿದ್ರೂ ತುರ್ತು ಕರೆ ಹೋಗ್ತದೆ. ಪೆಟ್ರೋಲ್ ಉಳಿಸ್ಲಿಕ್ಕೆ ಅಂತ ಘಾಟಿ ಇಳಿಯುವಾಗ ಇಂಜಿನ್ ಆಫ್ ಮಾಡಿ ನ್ಯೂಟ್ರಲಲ್ಲಿ ಬಿಡುವವರು ಇದ್ದಾರೆ. ಅವರು ಈಗ ನಾನು ಹೇಳಿದ ಅಪಾಯವನ್ನು ಬೇಕಂತಲೇ ತಂದುಕೊಳ್ಳುವವರು.

ಮತ್ತೆ, ದಾರಿಯಲ್ಲಿ ನಿಲ್ಲುವ ಕಾಯಿಲೆ ಇರುವ ಕಾರಲ್ಲಿ ರೋಗಿಯನ್ನು, ಮಗುವನ್ನು ಕೂರಿಸಿಕೊಂಡು ಪರೀಕ್ಷೆ ಮಾಡ್ಲಿಕ್ಕೆ ಹೋಗಬೇಡಿ. ಪರೀಕ್ಷೆ ಹಗಲು ಹೊತ್ತು, ಸಪಾಟು ರಸ್ತೆ, ಇಬ್ಬರೇ.

ಗ್ಯಾರೇಜಿಗೆ ಹೋಗುವ ಮೊದಲು

ಫೋನಲ್ಲಿ ಒಂದು ನೋಟ್ ತೆರೆಯಿರಿ. ಹೊರಟು ಎಷ್ಟು ನಿಮಿಷಕ್ಕೆ ನಿಂತಿತು. ಎಂತ ಮಾಡ್ತಾ ಇರುವಾಗ, ಏರಾ, ಸಪಾಟಾ, ಕಾಲು ತೆಗೆದಾಗಲಾ. ಮುಳ್ಳು ಠಪ್ ಅಂತ ಬಿತ್ತಾ, ನಿಧಾನಕ್ಕೆ ಇಳಿಯಿತಾ. ಕೀ ಆನ್ ಮಾಡಿದಾಗ ದೀಪ ಮತ್ತು ಪಂಪಿನ ಶಬ್ದ ಇತ್ತಾ. ಎಷ್ಟು ಹೊತ್ತು ಬಿಟ್ಟು ಸ್ಟಾರ್ಟ್ ಆಯ್ತು. ಪೆಟ್ರೋಲ್ ಎಷ್ಟಿತ್ತು. ಇಷ್ಟೇ. ಮೂರು ಸಲ ನಿಂತದ್ದರ ಮೂರು ಸಾಲು ಸಿಕ್ಕಿದ್ರೆ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮುಗಿದ ಹಾಗೆ.

ಅಲ್ಲಿ ಹೋಗಿ "ಪಂಪ್ ಬದಲಿಸಿ" ಅಂತ ಹೇಳಬೇಡಿ. ಪಂಪ್ ಬದಲಿಸಿ ಅಂದ್ರೆ ಅವರು ಪಂಪ್ ಬದಲಿಸ್ತಾರೆ, ಬಿಲ್ಲು ನೀವು ಕೊಡಬೇಕು. ನೀವು ಕಂಡದ್ದನ್ನು ಹೇಳಿ. ಬದಲಿಸುವ ಮೊದಲು, ಇದೇ ಹಾಳಾದದ್ದು ಅಂತ ಹೇಗೆ ಗೊತ್ತಾಯ್ತು ಅಂತ ಮರ್ಯಾದೆಯಿಂದ ಕೇಳಿ. ಒಳ್ಳೇ ಮೆಕ್ಯಾನಿಕ್‌ಗೆ ಆ ಪ್ರಶ್ನೆ ಇಷ್ಟ ಆಗ್ತದೆ, ಹೇರ್ ಡ್ರೈಯರ್ ತಂದು ತೋರಿಸ್ತಾರೆ. ಹಳೇ ಪಾರ್ಟ್ ಕೇಳಿ ತಗೊಳ್ಳಿ.

ನಿಮ್ಮ ಕಾರು ಎಲ್ಲಿ, ಹೇಗೆ ನಿಂತಿತು, ಕೊನೆಗೆ ಎಂತ ಸಿಕ್ಕಿತು ಅಂತ ವಾಯ್ಸ್ ನೋಟ್ ಕಳಿಸಿ. ಗ್ಯಾರೇಜಿನ ಹೆಸರು ಬೇಡ, ಲಕ್ಷಣ ಮತ್ತು ಕಾರಣ ಸಾಕು. ಒಳ್ಳೇದು ಹತ್ತು ಒಟ್ಟು ಮಾಡಿ ಒಂದು ಎಪಿಸೋಡ್ ಮಾಡುವ. ಅಲ್ಲಿವರೆಗೆ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಹೋಗ್ಲಿಕ್ಕೆ ಬಿಡಬೇಡಿ, ಡ್ಯಾಶ್‌ಬೋರ್ಡ್ ಮೇಲೆ ಒಂದು ಕಣ್ಣಿರಲಿ. ಬರ್ತೇನೆ.